ಗೆರೆಯಿಂದ ಒಂದು ಗೇಣು ದೂರ

ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಕೆಂಪು ಟೇಪ್ ಸುತ್ತಿದ ಟೆನಿಸ್ ಚೆಂಡಿನ ವಾಸನೆ ಮೂಗಿಗೆ ಬಡಿಯಿತು. ರಬ್ಬರ್, ಅಂಟು, ದೋಹಾದ ಧೂಳು... ಅದರ ಹಿಂದೆಯೇ ಕ್ಯಾಪ್ಟನ್ ನೆನಪಾದರು. ಹಳೆಯ ಸಿಟ್ಟೂ ಎದ್ದಿತು.

ದೋಹಾದ ಅಲ್ ಸದ್ದ್ ಬಡಾವಣೆಯ ಕಟ್ಟಡದಲ್ಲಿ ನಮ್ಮ ಕೆಳಗಿನ ಮನೆ ಅವರದು. ಉಡುಪಿ ಕಡೆಯವರು. ಶುಕ್ರವಾರ ಬೆಳಿಗ್ಗೆ ಖಾಲಿ ಜಾಗವೊಂದರಲ್ಲಿ ನಮ್ಮೂರವರ ಕ್ರಿಕೆಟ್ ಲೀಗ್ ನಡೆಯುತ್ತಿತ್ತು. ನಮ್ಮ ತಂಡಕ್ಕೆ ಅವರೇ ಕ್ಯಾಪ್ಟನ್. ಹೊರಗಿನ ಅಂಪೈರನ್ನು ಎಲ್ಲಿಂದ ತರುವುದು? ಬ್ಯಾಟ್ ಮಾಡುವ ತಂಡದವರೇ ಅಂಪೈರಾಗಿ ನಿಲ್ಲುವುದು ನಮ್ಮ ಪದ್ಧತಿ. ನಿಂತವನು ತನ್ನವರನ್ನು ಸ್ವಲ್ಪ ಕಾಯುತ್ತಾನೆ, ಎದುರಿನವರು ಸ್ವಲ್ಪ ಕೂಗಾಡುತ್ತಾರೆ, ಆಟ ಮುಂದುವರಿಯುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು, ಕ್ಯಾಪ್ಟನ್ ಒಬ್ಬರನ್ನು ಬಿಟ್ಟು.

ಒಂದು ವರ್ಷದ ಫೈನಲ್. ನಮ್ಮದು ಕೊನೆಯ ವಿಕೆಟ್, ಗೆಲ್ಲಲು ನಾಲ್ಕು ರನ್ ಬೇಕು. ಹೊಡೆದೆ, ಓಡಿದೆ, ಎರಡನೇ ರನ್ನಿಗೆ ಗೆರೆಯತ್ತ ಬ್ಯಾಟ್ ಚಾಚಿ ಮೈ ಚೆಲ್ಲಿ ಬಿದ್ದೆ. ಮೊಣಕೈ ಸುಲಿದುಹೋಯಿತು. ಎದುರಿನವರು ರನೌಟ್ ಎಂದು ಅರೆಮನಸ್ಸಿನಿಂದ ಕೂಗಿದರು, ಅಷ್ಟೇ. ಅಂಪೈರಾಗಿ ನಿಂತಿದ್ದ ನಮ್ಮ ಕ್ಯಾಪ್ಟನ್ ಬೆರಳೆತ್ತಿಬಿಟ್ಟರು!

"ಔಟ್ ಅಂದ್ರೆ ಔಟ್ ಮಾರಾಯ, ಎಂತ ಮಾಡುದು? ಖಲಾಸ್, ಏಳು," ಎಂದು ಕೈ ಚಾಚಿದರು. ಆ ಕೈ ನಾನು ಹಿಡಿಯಲಿಲ್ಲ. ಎದುರಿನವರು ಶೀಲ್ಡ್ ಎತ್ತಿಕೊಂಡು ನನ್ನ ಹೆಂಡತಿಯ ಮುಂದೆಯೇ ಕುಣಿದರು.

ಸುಮ್ಮನೆ ಬಿಡುವವನಲ್ಲ ನಾನು. ಮುಂದಿನ ವರ್ಷ ಎದುರಿನ ತಂಡ ಸೇರಿ, ಕ್ಯಾಪ್ಟನ್ ಪಕ್ಕೆಗೇ ಗುರಿಯಿಟ್ಟು ಚೆಂಡೆಸೆದೆ. ಲಿಫ್ಟಿನಲ್ಲಿ ಸಿಕ್ಕರೆ ಮೊಬೈಲ್ ನೋಡುತ್ತ ನಿಂತೆ. ಅವರ ಮನೆಯಿಂದ ಬಂದ ಪತ್ರೊಡೆಯನ್ನು ಮುಟ್ಟದೆ ವಾಪಸ್ ಕಳಿಸಿದೆ. ಕೆಲಸ ಮುಗಿಸಿ ಅವರು ಊರಿಗೆ ಹೊರಟ ದಿನ, ಸೂಟ್‌ಕೇಸ್ ಎಳೆಯುವ ಸದ್ದು ಕೇಳಿಯೂ ಬಾಗಿಲು ತೆರೆಯಲಿಲ್ಲ.

ಕಳೆದ ವರ್ಷ ಲೀಗಿನ ಸ್ಮರಣ ಸಂಚಿಕೆಗೆ 'ಮರೆಯಲಾಗದ ಕ್ಷಣಗಳು' ಬರೆಯುವ ಕೆಲಸ ನನಗೇ ಬಂತು. ಬಿಟ್ಟೇನೆ? ಆ ಫೈನಲ್ ಬಗ್ಗೆ 'ಅನ್ಯಾಯದ ತೀರ್ಪು' ಎಂದೇ ಬರೆದೆ. ಅಂದು ಹೆಂಡತಿ ತೆಗೆದು ಪ್ರಿಂಟ್ ಹಾಕಿಸಿದ್ದ ಫೋಟೊ ಹುಡುಕಿ, ಮೊದಲ ಬಾರಿಗೆ ಸರಿಯಾಗಿ ನೋಡಿದೆ. ಸ್ಟಂಪ್ ಆಗಲೇ ವಾಲಿತ್ತು. ನನ್ನ ಬ್ಯಾಟ್ ಗೆರೆಯಿಂದ ಒಂದು ಗೇಣು ದೂರ... ಪಕ್ಕದಲ್ಲೇ ಬಗ್ಗಿ, ಗೆರೆಯನ್ನೇ ನೋಡುತ್ತಿರುವ ಕ್ಯಾಪ್ಟನ್. ಕತ್ತರಿ ತಂದು ಅವರನ್ನೂ ಗೆರೆಯನ್ನೂ ಬ್ಯಾಟಿನ ತುದಿಯನ್ನೂ ಕತ್ತರಿಸಿ ತೆಗೆದೆ. ಚಾಚಿ ಬಿದ್ದಿರುವ ನನ್ನನ್ನು ಮಾತ್ರ ಅಚ್ಚಿಗೆ ಕೊಟ್ಟೆ. ಖುಷಿಯೇ ಆಯಿತು.

ಸಂಚಿಕೆ ಊರಿಗೂ ತಲುಪಿತು. ಕ್ಯಾಪ್ಟನ್ನೇ ಫೋನ್ ಮಾಡಿದರು.

"ಚಂದ ಬರ್ದಿದ್ದಿ ಮಾರಾಯ. ಫೋಟೊದಲ್ಲಿ ಗೆರೆ ಎಲ್ಲಿಗೆ ಹೋಯ್ತು?" ಎಂದು ನಕ್ಕರು.

ನಾನು ಫೋನ್ ಇಟ್ಟುಬಿಟ್ಟೆ.

ಮೊನ್ನೆ ಅವರು ತೀರಿಕೊಂಡ ಸುದ್ದಿ ಬಂತು. ಈ ಶುಕ್ರವಾರ ಆಟಕ್ಕೆ ಮುಂಚೆ ಮೈದಾನದಲ್ಲಿ ಅವರ ಫೋಟೊ ಇಡಬೇಕಂತೆ. ಎಲ್ಲರ ಫೋಟೊ ತೆಗೆಯುತ್ತಿದ್ದವರು ಅವರೇ. ಅವರು ಮೈದಾನದಲ್ಲಿರುವ ಫೋಟೊ ಯಾರ ಬಳಿಯೂ ಇಲ್ಲ. ನಮ್ಮ ಹಳೆಯ ತಂಡದ ಈಗಿನ ನಾಯಕ ನನಗೆ ಫೋನ್ ಮಾಡಿ, "ನಿಮ್ಮತ್ರ ಏನಾದ್ರೂ ಉಂಟಾ ಅಣ್ಣ?" ಎಂದು ಕೇಳಿದ.

ಉಂಟು. ಎಸೆಯಲಾಗದೆ ಇಟ್ಟುಕೊಂಡ ಆ ತುಂಡು ಇದೇ ಡಬ್ಬಿಯಲ್ಲಿ, ಚೆಂಡಿನ ಅಡಿಯಲ್ಲಿದೆ. ಅವರು, ಗೆರೆ, ನನ್ನ ಬ್ಯಾಟಿನ ತುದಿ... ಬ್ಯಾಟನ್ನು ತೆಗೆಯಲು ಹೋದರೆ ಅವರ ಕೈಯೂ ಹೋಗುತ್ತದೆ. ಅರ್ಧ ಗಂಟೆ ಕತ್ತರಿ ಹಿಡಿದು ಕೂತೆ. ಸತ್ತ ಮೇಲೂ ನನ್ನನ್ನು ಔಟ್ ಮಾಡುವ ಹಟವೇ ಈ ಮನುಷ್ಯನಿಗೆ!

ಕೊನೆಗೆ ಇಡೀ ತುಂಡನ್ನೇ ಮೊಬೈಲಿನಲ್ಲಿ ಹಿಡಿದು ಕಳಿಸಿದೆ. ಶುಕ್ರವಾರ ಎಲ್ಲರೂ ನೋಡಲಿ. ಜಗಳಕ್ಕೆ ಅವರೇ ಇಲ್ಲದ ಮೇಲೆ, ಗೆರೆ ಮುಚ್ಚಿಟ್ಟು ಯಾರ ಮೇಲೆ ಸೇಡು ತೀರಿಸಿಕೊಳ್ಳಲಿ?