ಗೋದಕ್ಕನ ಹಿತ್ತಿಲಿಗೆ ಬಿದ್ದ ಚೆಂಡು

ಫುಟ್‌ಬಾಲನ್ನು ಕೈಯಿಂದಾಗಲಿ ಕಾಲಿನಿಂದಾಗಲಿ ಮುಟ್ಟದೆ ಆಟ ನಡೆಸಿದವರು, ನಾನು ಕಂಡಂತೆ, ಗೋದಕ್ಕ ಒಬ್ಬರೇ. ಆಗಿನ್ನೂ ಊರು ಮದ್ರಾಸು. ವೆಸ್ಟ್ ಮಾಂಬಲಂನ ನಮ್ಮ ಶಾಲೆಯ ಅಂಗಳಕ್ಕೆ ಮೂರು ಕಡೆ ಶಾಲೆಯದೇ ಗೋಡೆ. ಚೆಂಡು ಅವಕ್ಕೆ ಬಡಿದರೆ ಆಟ ನಿಲ್ಲುತ್ತಿರಲಿಲ್ಲ. ನಾಲ್ಕನೆಯದು ಗೋದಕ್ಕನ ಹಿತ್ತಿಲ ಗೋಡೆ. ಅದನ್ನು ದಾಟಿದರೆ ಔಟ್.

ಊಟದ ಬಿಡುವಿನಲ್ಲಿ ನಾವು ಆಡುವ ಹೊತ್ತಿಗೆ ಆಕೆ ಮಡಿಯಲ್ಲಿ ಅಡುಗೆ ಮಾಡುತ್ತಿರುತ್ತಿದ್ದರು. ಕಟ್ಟುನಿಟ್ಟಿನ ವಿಧವೆ, ತೊಗಲಿನ ಚೆಂಡು ಮುಟ್ಟಿದರೆ ಮತ್ತೆ ಸ್ನಾನವಾಗಬೇಕು. ಒಮ್ಮೆ ಒಬ್ಬ ಗೋಡೆ ಹಾರಿ, ಒಣಹಾಕಿದ್ದ ಮಡಿಸೀರೆ ಮುಟ್ಟಿಬಿಟ್ಟ. ಗೋದಕ್ಕನ ಬೈಗುಳ ಹೆಡ್‌ಮಾಸ್ಟರರ ಕೋಣೆಯವರೆಗೂ ಕೇಳಿಸಿತು. "ಇನಿಮೇ ಯಾರುಂ ಸುವರ್ ಏರಕ್ಕೂಡಾದು!" ಎಂದು, ಇನ್ನು ಯಾರೂ ಗೋಡೆ ಹತ್ತಕೂಡದೆಂದು, ಡ್ರಿಲ್ ಮಾಸ್ತರರು ತಮಿಳಿನಲ್ಲಿ ಗುಡುಗಿದರು. ಅಂದಿನಿಂದ ಗೋಡೆ ಹತ್ತಿದವನು ಆಟದಿಂದಲೇ ಹೊರಗೆ. ಗೋದಕ್ಕನೇ ಚೆಂಡಿಗೆಂದು ಮೂಲೆಯಲ್ಲಿಟ್ಟ ಬಿದಿರುಕೋಲಿನಿಂದ ಅದನ್ನು ಹಿತ್ತಿಲ ಬಾಗಿಲಾಚೆ ಉರುಳಿಸಬೇಕು. ಒದ್ದವನ ಎದುರು ತಂಡದವರು ಎತ್ತಿಕೊಳ್ಳಬೇಕು.

"ಸಾರು ಇಳಿಸೋತನಕ ಕಾಯ್ರೋ, ನಿಮ್ ಚೆಂಡೇನು ಓಡಿಹೋಗಲ್ಲ" ಎನ್ನುತ್ತಿದ್ದರು ಒಳಗಿನಿಂದ, ನನ್ನ ಹಾಗೆಯೇ ಮನೆಮಾತು ಕನ್ನಡವಾಗಿದ್ದ ಗೋದಕ್ಕ. ಗೆಲ್ಲುತ್ತಿರುವ ತಂಡ ಹೊತ್ತು ಕಳೆಯಲು ಬೇಕೆಂದೇ ಒಳಗೆ ಒದೆಯುವುದು ಅವರಿಗೆ ಗೊತ್ತಿತ್ತು. "ನನ್ನ ಸಾರು ನಂಬ್ಕೊಂಡು ಗೆಲ್ತೀರೇನ್ರೋ? ನಮ್ ಶೀನನೂ ಇಲ್ಲೇ ಒದ್ದೋನು, ಅವನ ಹತ್ರ ಕಲೀರಿ." ಶೀನ ಒಬ್ಬನೇ ಮಗ, ಗುಂತಕಲ್ಲಿನಲ್ಲಿ ರೈಲ್ವೆ ಕೆಲಸ.

ಅಂದು ತರಗತಿ ತರಗತಿಗಳ ಪಂದ್ಯಾವಳಿಯ ಫೈನಲ್. ನಾವು ಒಂದು ಗೋಲು ಮುಂದಿದ್ದೆವು. ಗಂಟೆ ಬಾರಿಸಲು ಐದು ನಿಮಿಷವಿತ್ತು. ನಾನು ಸಾರನ್ನೇ ನಂಬಿ ಚೆಂಡನ್ನು ಗೋಡೆಯಾಚೆ ಒದ್ದೆ.

ಬಾಗಿಲು ಆಗಲೇ ತೆರೆಯಿತು. ಗೋದಕ್ಕ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

"ತಗೋ ರಾಘು. ಇವತ್ತು ಮಡಿ ಇಲ್ಲ, ಸೂತಕ. ತಂತಿ ಬಂತು ಕಣೋ. ಶೀನ ಹೋದ."

ಕನ್ನಡ ತಿಳಿಯದ ಹುಡುಗರು, ಚೆಂಡು ಬೇಗ ಬಂತೆಂದು ಚಪ್ಪಾಳೆ ತಟ್ಟಿದರು. ನಿಯಮದಂತೆ ಅದನ್ನು ಎದುರು ತಂಡಕ್ಕೆ ಕೊಟ್ಟೆ. ಅವರು ಗೋಲು ಹೊಡೆದರು, ಗಂಟೆಯಾಯಿತು. "ಯೇಂಡಾ ಸುಮ್ಮಾ ನಿನ್ನೇ?" ಎಂದು ನಮ್ಮವರು ಬೈದರು. ಯಾಕೆ ಸುಮ್ಮನೆ ನಿಂತೆನೋ ನನಗೇ ಗೊತ್ತಿರಲಿಲ್ಲ. ಅಳುವೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ.

ಅಂದು ಸಂಜೆಯೇ ಯಾರೋ ಬಂದು ಗೋದಕ್ಕನನ್ನು ರೈಲಿಗೆ ಕರೆದೊಯ್ದರು. ಅವರು ಮರಳಿ ಬರಲಿಲ್ಲ.

ಮರುವಾರ ಚೆಂಡು ಮತ್ತೆ ಅದೇ ಹಿತ್ತಿಲಿಗೆ ಬಿತ್ತು. ಮನೆಗೆ ಬೀಗ. ಗೋಡೆ ಹತ್ತಿದರೆ ಬೈಯುವವರಿರಲಿಲ್ಲ, ಯಾರೂ ಹತ್ತಲಿಲ್ಲ. ಗಂಟೆಯಾಗುವವರೆಗೂ ಆ ಬಾಗಿಲ ಮುಂದೆ ನಿಂತೇ ಇದ್ದೆವು.