ಏಳನೆಯ ಎಕ್ಕದೆಲೆ

ಆ ಗೂಡಿನ ಮೇಲೆ ಚಿನ್ನದ ಚುಕ್ಕೆಗಳನ್ನು ನಿಜವಾಗಿ ನೋಡಿದೆನೋ, ಆಮೇಲೆ ನನ್ನ ನೆನಪೇ ಅವನ್ನು ಸೇರಿಸಿಕೊಂಡಿತೋ, ಖಚಿತವಾಗಿ ಹೇಳಲಾರೆ. ಕೈಗೆಲ್ಲ ಎಕ್ಕದ ಹಾಲು ಅಂಟಿದ್ದರಿಂದ ಫೋಟೊ ತೆಗೆಯಲಿಲ್ಲ.

ಅಂದು ರಥಸಪ್ತಮಿ. ಮೈಮೇಲೆ ಏಳು ಎಕ್ಕದೆಲೆ ಇಟ್ಟುಕೊಂಡು ಸ್ನಾನ ಮಾಡುವುದನ್ನು ಅಮ್ಮ ಒಂದು ವರ್ಷವೂ ತಪ್ಪಿಸಿದವಳಲ್ಲ. ಚಾಮರಾಜಪೇಟೆಯ ನಮ್ಮ ಹಿತ್ತಲಿನ ಗಿಡದಿಂದ ಎಲೆ ಕಿತ್ತು ತಂದುಕೊಟ್ಟೆ. ಎಣಿಸುತ್ತಿದ್ದವಳು ಕೊನೆಯದನ್ನು ತಿರುಗಿಸಿ ನನ್ನ ಮುಂದೆ ಹಿಡಿದಳು. ಎಲೆಯಡಿಯಲ್ಲಿ ಚಿಟ್ಟೆಯ ಹಸಿರು ಗೂಡೊಂದು ಕಿವಿಯ ಲೋಲಾಕಿನಂತೆ ತೂಗುತ್ತಿತ್ತು.

"ಎಮ್ಮೆಸ್ಸಿ ಮಾಡಿದೀಯ, ಎಲೆ ತಿರುಗಿಸಿ ನೋಡೋಕೆ ಬರಲ್ವೇನೋ?"

"ಬೇರೆ ಕಿತ್ತು ತರ್ತೀನಮ್ಮ, ಈ ಸಲ ನೋಡಿ ಕೀಳ್ತೀನಿ."

"ಬೇಡ. ಅದರಲ್ಲಿ ಮೊಟ್ಟೆ ಇದ್ರೆ ನಿನ್ನ ಕಣ್ಣಿಗೆಲ್ಲಿ ಕಾಣುತ್ತೆ?"

ಹೂ ಕಟ್ಟುವ ಬಾಳೆನಾರಿನಿಂದ ಆ ಎಲೆಯನ್ನು ತಾನೇ ಗಿಡದ ಕೊಂಬೆಗೆ ಕಟ್ಟಿ ಬಚ್ಚಲಿಗೆ ಹೋದಳು. ಅದು ಬದುಕೀತೆಂದು ನಾನು ನಂಬಲಿಲ್ಲ. ಆದರೂ ದಿನಕ್ಕೆರಡು ಸಲ ಹೋಗಿ ನೋಡುತ್ತಿದ್ದೆ. ವಾರದ ಬಳಿಕ ಒಂದು ಬೆಳಗ್ಗೆ ಎಲೆ ಬಾಡಿ ಸುರುಳಿಯಾಗಿತ್ತು, ಗೂಡು ಖಾಲಿಯಾಗಿ ಗಾಜಿನಂತೆ ಕಾಣುತ್ತಿತ್ತು. ಪಕ್ಕದ ಕೊಂಬೆಯಲ್ಲಿ ಕಿತ್ತಳೆ ಬಣ್ಣದ ಚಿಟ್ಟೆಯೊಂದು ರೆಕ್ಕೆ ಒಣಗಿಸುತ್ತಿತ್ತು. ಅಮೆರಿಕದ ಮೊನಾರ್ಕ್ ಚಿಟ್ಟೆಯ ಬಳಗದ್ದು.

ಅಂಥ ಗೂಡಿಗೆ ಚಿನ್ನದ ಚುಕ್ಕೆ ಇರುತ್ತದೆಂದು ಆಮೇಲೆ ಪುಸ್ತಕದಲ್ಲಿ ಓದಿದೆ. ಓದಿದ ಮೇಲೆ ನನ್ನ ನೆನಪನ್ನು ನಂಬುವುದು ಇನ್ನೂ ಕಷ್ಟವಾಗಿದೆ. ಆದರೆ ಅಮ್ಮ ಗುಟ್ಟಾಗಿ ಇನ್ನೊಂದು ಎಲೆ ಕಿತ್ತಿರಬಹುದೆಂಬ ಅನುಮಾನಕ್ಕೆ ರಥಸಪ್ತಮಿಯ ಮಧ್ಯಾಹ್ನವೇ ಬಚ್ಚಲಿನ ಮೂಲೆಯ ಒದ್ದೆ ಎಲೆಗಳನ್ನು ಎಣಿಸಿದ್ದೆ. ಆರೇ ಇದ್ದವು.