ಪಾರ್ಕಿಂಗ್ ಲಾಟಿನಲ್ಲಿ ಎಳೆದ ಅಂಗಳ

ಕೆಲವು ಕನ್ನಡ ಕುಟುಂಬಗಳು ಸೇರಿ ಅಮೆರಿಕದ ಮನ್ರೋದಲ್ಲಿ ಹಿರಿಯರಿಗಾಗಿ ಹನ್ನೆರಡು ಮನೆ ಕಟ್ಟಲು ಹೊರಟಾಗ ನಕ್ಷೆಯ ಕೆಲಸ ನನ್ನ ಪಾಲಿಗೆ ಬಂತು. ಇಪ್ಪತ್ತು ವರ್ಷ ಆಸ್ಪತ್ರೆ, ಆಫೀಸುಗಳ ನಕ್ಷೆಯನ್ನೇ ಬರೆದವಳು ನಾನು. ಅವತ್ತು ಕಾರಿನಲ್ಲಿ ಒಬ್ಬಳೇ ಜೋರಾಗಿ ಹಾಡಿಕೊಂಡು ಮನೆಗೆ ಬಂದೆ.

ಓದುವ ದಿನಗಳಲ್ಲಿ ಇಂಗ್ಲೆಂಡಿನ ಸಣ್ಣ ಊರೊಂದರಲ್ಲಿ ಹಳೆಯ ಆಮ್ಸ್‌ಹೌಸನ್ನು ಟೇಪು ಹಿಡಿದು ಅಳೆದಿದ್ದೆ. ಬಡ ವೃದ್ಧರಿಗೆಂದು ದಾನಿಯೊಬ್ಬರು ಶತಮಾನಗಳ ಹಿಂದೆ ಕಟ್ಟಿಸಿದ್ದ ಇಟ್ಟಿಗೆ ಮನೆಗಳು. ಅಂಗಳದ ಮೂರು ಕಡೆ ಮನೆಗಳ ಸಾಲು, ನಾಲ್ಕನೆಯ ಕಡೆ ತಗ್ಗು ಗೋಡೆ ಮತ್ತು ಗೇಟು, ಎದುರಿನ ಸಾಲಿನ ನಡುವೆ ಪುಟ್ಟ ಚರ್ಚು. ಪ್ರತಿ ಮನೆಗೂ ತನ್ನದೇ ಬಾಗಿಲು, ತನ್ನದೇ ಚಿಮಣಿ. ಎರಡು ಬಾಗಿಲಿಗೊಂದು ಸಣ್ಣ ಮಾಡು, ಅದರಡಿ ಕಲ್ಲುಬೆಂಚು. ದಾನದ ಮನೆ ಅನ್ನಿಸುತ್ತಲೇ ಇರಲಿಲ್ಲ!

ಅದೇ ಅಂಗಳವನ್ನು ಬರೆದು ಸಮಿತಿಯ ಮುಂದಿಟ್ಟೆ. ಚರ್ಚಿನ ಜಾಗದಲ್ಲಿ ಎಲ್ಲರೂ ಸೇರುವ ಹಾಲ್. ಸಮಿತಿಯ ಅಧ್ಯಕ್ಷರು ಧಾರವಾಡದ ನಿವೃತ್ತ ಡಾಕ್ಟರು. ಅವರ ಹುಬ್ಬು ಗಂಟಾಯಿತು.

"ಇದೇನವಾ, ಇಂಗ್ಲಿಷರ ಅನಾಥಾಶ್ರಮ ತಂದೀಯಲ್ಲ! ಮೂರು ಫ್ಲೋರ್, ಒಂದು ಕಾರಿಡಾರ್ ಸಾಕು. ಸ್ನೋ ಬಿದ್ದಾಗ ಹೊರಗ ಯಾರು ಅಡ್ಡಾಡ್ತಾರ?"

"ಒಂದು ಶನಿವಾರ ಕೊಡಿ ಅಂಕಲ್. ಒಳಗೆ ನಡೆದು ನೋಡಿ, ಆಮೇಲೆ ಬೇಡ ಅನ್ನಿ."

ಹತ್ತಿರದ ವುಡ್‌ಬ್ರಿಡ್ಜ್ ಊರಿನ ಆಫೀಸೊಂದರ ಖಾಲಿ ಪಾರ್ಕಿಂಗ್ ಲಾಟ್ ಬಳಸಲು ಅನುಮತಿ ಸಿಕ್ಕಿತು. ಶನಿವಾರ ಬೆಳಗ್ಗೆ ಗಂಡ ದಾರ ಹಿಡಿದರು, ನಾನು ಸೀಮೆಸುಣ್ಣದ ಪುಡಿಯಲ್ಲಿ ಹನ್ನೆರಡು ಮನೆಗಳನ್ನೂ ನಿಜವಾದ ಅಳತೆಯಲ್ಲೇ ಎಳೆದೆ. ಹತ್ತು ಗಂಟೆಗೆ ಹಿರಿಯರು ಮಡಿಸುವ ಕುರ್ಚಿ ಹಿಡಿದು ಬಂದರು.

ಮೈಸೂರಿನ ಆಂಟಿಯೊಬ್ಬರು ಗೆರೆಗಳ ನಡುವಿನ ಖಾಲಿ ಜಾಗದಲ್ಲಿ ನಿಂತು ಕೇಳಿದರು, "ಇದು ನನ್ನ ಬಾಗಿಲಾ?"

"ನಿಮ್ಮೊಬ್ಬರದೇ ಆಂಟಿ."

ಅವರು ಬೆಂಚಿನ ಗುರುತಿನ ಮೇಲೆ ಕುರ್ಚಿ ಹಾಕಿ ಕೂತು ಸುತ್ತ ನೋಡಿದರು. "ಇಲ್ಲಿಂದ ಎಲ್ಲರೂ ಕಾಣ್ತಾರೆ ಕಣಮ್ಮ! ಆದ್ರೆ ಕಿಚನ್ ಯಾಕೆ ಹಿಂದಿಟ್ಟೆ? ಒಗ್ಗರಣೆ ಹಾಕ್ತಾನೇ ಯಾರು ಬಂದ್ರು ಅಂತ ನೋಡ್ಬೇಕಲ್ವಾ?"

ಎಷ್ಟು ಸರಿ! ಬೂಟಿನಿಂದ ಗೆರೆ ಅಳಿಸಿ, ಅಡುಗೆಮನೆಯನ್ನು ಅಂಗಳದ ಕಡೆಗೆ ತಂದೆ. ಆಗಲೇ ಆಚೆಯ ಸಾಲಿನಿಂದ ಡಾಕ್ಟರ ದನಿ ಮೊಳಗಿತು. ತಮ್ಮ ಸುಣ್ಣದ ಮನೆಯೊಳಗೆ ನಿಂತು ಗೆಳೆಯರೊಬ್ಬರನ್ನು ಕರೆಯುತ್ತಿದ್ದರು: "ಏ, ಚಾ ಕುಡಿಯಾಕ ಬಾರೋ!" ಗೆಳೆಯರು ಅಂಗಳ ದಾಟಿ ಹೋಗಿ, ಇಲ್ಲದ ಬಾಗಿಲು ತಟ್ಟಿದರು. ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ನಗು ನಿಂತ ಮೇಲೆ ಡಾಕ್ಟರು ನನ್ನತ್ತ ತಿರುಗಿದರು. "ಸ್ನೋಗೆ ಏನ್ ಮಾಡ್ತೀ?"

"ಮನೆಗಳ ಮುಂದೆ ಉದ್ದಕ್ಕೂ ಮಾಡು ಹಾಕಿ ಹಾಲ್‌ವರೆಗೂ ತರ್ತೀನಿ."

"ಹಂಗಾರ ಅದನ್ನೂ ಬರಿ. ಇದನ್ನೇ ಕಟ್ಟೋಣು."

ಊರಿನ ಆಡಳಿತವಾದ ಟೌನ್‌ಶಿಪ್‌ನ ಅನುಮತಿಗೆ ಒಂದು ವರ್ಷ ಹಿಡಿಯಿತು. ಕಳೆದ ವಾರ ತಳಪಾಯಕ್ಕೆ ಕಾಂಕ್ರೀಟು ಸುರಿದರು. ಮಿಕ್ಸರಿನ ಸದ್ದಿನ ಮಧ್ಯೆ ಡಾಕ್ಟರು ಕಿವಿಯ ಹತ್ತಿರ ಬಾಗಿ, "ಗೇಟಿನ ಪಕ್ಕದ ಮನಿ ನನಗ ಬಿಡವಾ, ಬರೋರು ಹೋಗೋರು ಮೊದಲು ನನಗ ಕಾಣಬೇಕು" ಎಂದರು.